ರಾಟ್‌ವೀಲರ್, ಪಿಟ್‌ಬುಲ್ ಸಾಕುತ್ತಿದ್ದೀರಾ? ಮಂಗಳೂರು, ಉಡುಪಿಯವರು ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ

ಮರಿ ತಂದು ಆರು ತಿಂಗಳಾದ ಮೇಲೆ ಜನ ಬಂದು ಕೇಳುವುದು ಒಂದೇ ಮಾತು: "ಈ ಜಾತಿ ಬ್ಯಾನ್ ಆಗಿದೆಯಂತೆ, ಹೌದಾ?" ಒಬ್ಬರು ಹೌದು ಎನ್ನುತ್ತಾರೆ. ಇನ್ನೊಬ್ಬರು ಕೋರ್ಟ್ ಅದನ್ನು ತೆಗೆದುಹಾಕಿದೆ ಎನ್ನುತ್ತಾರೆ. ಮೊದಲನೆಯ ಮಾತು ನಂಬಿದವರು ಹೆದರಿ ರಾತ್ರೋರಾತ್ರಿ ನಾಯಿಯನ್ನು ಘಾಟಿ ಕಡೆ ಬಿಟ್ಟು ಬರುತ್ತಾರೆ. ಎರಡನೆಯದನ್ನು ನಂಬಿದವರು ಲೈಸೆನ್ಸೂ ಬೇಡ, ಮೈಕ್ರೋಚಿಪ್ಪೂ ಬೇಡ ಎಂದು ಸುಮ್ನೆ ಕೂರುತ್ತಾರೆ. ಪಕ್ಕದ ಮನೆಯವರು ದೂರು ಕೊಟ್ಟ ದಿನ ಇಬ್ಬರ ಕೈಯೂ ಖಾಲಿ.

ನನ್ನ ಮನೆಯಲ್ಲೂ ಒಂದು ರಾಟ್‌ವೀಲರ್ ಉಂಟು. ಕೆಳಗೆ ಹೇಳಿದ ತಪ್ಪುಗಳಲ್ಲಿ ಮೂರನ್ನು ನಾನೇ ಮಾಡಿದ್ದೇನೆ.

## ಮೊದಲು ಕೂಡಿಸಿಟ್ಟುಕೊಳ್ಳಿ

ಒಂದು ಪ್ಲಾಸ್ಟಿಕ್ ಫೈಲ್ ತನ್ನಿ. ರಟ್ಟಿನದ್ದು ಬೇಡ, ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಅದರಲ್ಲಿ ನಾಯಿಯ ಲಸಿಕೆ ಪುಸ್ತಕ, ಮರಿ ಕೊಂಡ ರಶೀದಿ, ನಿಮ್ಮ ಆಧಾರ್ ಪ್ರತಿ, ಮನೆ ತೆರಿಗೆ ರಶೀದಿ ಅಥವಾ ಬಾಡಿಗೆ ಕರಾರು, ನಾಯಿಯ ಎರಡು ಫೋಟೋ ಇರಲಿ. ಒಂದು ಮುಖದ್ದು, ಒಂದು ಬದಿಯಿಂದ ನಿಂತದ್ದು.

ಇನ್ನು ಸಾಮಾನು: ಗಟ್ಟಿ ಕಾಲರ್, ಸುಮಾರು ಒಂದೂವರೆ ಮೀಟರ್ ಉದ್ದದ ಬೆಲ್ಟ್, ಬಾಸ್ಕೆಟ್ ಮಾದರಿಯ ಮಝಲ್ (ಕಚ್ಚದ ಹಾಗೆ ಮೂತಿಗೆ ಹಾಕುವ ಬುಟ್ಟಿ), ಗೇಟಿಗೆ ಒಳಗಿನಿಂದ ಹಾಕುವ ಬೀಗ. ಒತ್ತಿದರೆ ಉದ್ದವಾಗುವ ರೀಲ್ ಬೆಲ್ಟ್ ಈ ಗಾತ್ರದ ನಾಯಿಗೆ ಆಗುವುದಿಲ್ಲ. ನಲವತ್ತು ಕಿಲೋ ನಾಯಿ ಒಮ್ಮೆ ಎಳೆದರೆ ಆ ಪ್ಲಾಸ್ಟಿಕ್ ಹಿಡಿ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ.

## ಹಂತ 1: ನಿಷೇಧ ಈಗ ಎಲ್ಲಿ ನಿಂತಿದೆ ಎಂದು ತಿಳಿದುಕೊಳ್ಳಿ

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ ಎಲ್ಲ ರಾಜ್ಯಗಳಿಗೂ ಒಂದು ಪತ್ರ ಬರೆಯಿತು. ಉಗ್ರ ಎಂದು ಹೇಳಿ 23 ತಳಿಗಳ ಆಮದು, ಮಾರಾಟ, ಸಾಕಣೆಗೆ ಲೈಸೆನ್ಸ್ ಕೊಡಬೇಡಿ, ಈಗಾಗಲೇ ಮನೆಗಳಲ್ಲಿ ಇರುವವಕ್ಕೆ ಸಂತಾನಹರಣ ಮಾಡಿಸಿ ಎಂಬುದು ಅದರ ಸಾರ. ಪಟ್ಟಿಯಲ್ಲಿ ಪಿಟ್‌ಬುಲ್ ಟೆರಿಯರ್, ರಾಟ್‌ವೀಲರ್, ಅಮೆರಿಕನ್ ಬುಲ್‌ಡಾಗ್, ಡೊಗೊ ಅರ್ಜೆಂಟಿನೊ, ಕೇನ್ ಕೊರ್ಸೊ, ಕಕೇಶಿಯನ್ ಶೆಫರ್ಡ್, ಕಂಗಲ್, ಅಕಿತಾ, ಮ್ಯಾಸ್ಟಿಫ್ ಮುಂತಾದವು ಇದ್ದವು. ಮಿಶ್ರತಳಿಗಳೂ ಸೇರಿದ್ದವು. ಡಾಬರ್‌ಮನ್, ಜರ್ಮನ್ ಶೆಫರ್ಡ್ ಇರಲಿಲ್ಲ. ಪಟ್ಟಿ ಮಾಡಿದವರಿಗೆ ಸ್ವಲ್ಪ ಅವಸರ ಇತ್ತೋ ಏನೋ: ಟೋಸಾ ಎರಡು ಸಲ ಬಂದಿದೆ, 'ಟೆರಿಯರ್' ಎಂದು ಬರೀ ಒಂದು ಪದ ಬರೆದು ಬಿಟ್ಟಿದ್ದಾರೆ. ಆ ಲೆಕ್ಕಕ್ಕೆ ಮಡಿಲಲ್ಲಿ ಕೂರುವ ಯಾರ್ಕ್‌ಶೈರ್ ಟೆರಿಯರ್ ಕೂಡ ಉಗ್ರ ನಾಯಿ!

ಆ ಪತ್ರವನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್ 10ರಂದು ರದ್ದು ಮಾಡಿತು. ಸಂಬಂಧಪಟ್ಟವರನ್ನು ಕೇಳದೆ ಇದನ್ನು ಮಾಡಿದ್ದು ಸರಿಯಲ್ಲ ಎಂಬುದು ಮುಖ್ಯ ಕಾರಣ. ಅಂದರೆ ಆ ಪತ್ರ ತೋರಿಸಿ ನಮ್ಮಲ್ಲಿ ಯಾರೂ ನಿಮ್ಮ ನಾಯಿಯನ್ನು ಬೇಡ ಎನ್ನುವ ಹಾಗಿಲ್ಲ.

ಜನ ಓದದೆ ಬಿಡುವ ಭಾಗ ಎರಡು ಉಂಟು. ಒಂದು, ಎಲ್ಲರ ಅಹವಾಲು ಕೇಳಿ ಸರಿಯಾದ ಕ್ರಮದಲ್ಲಿ ಕೇಂದ್ರ ಮತ್ತೆ ನಿಯಮ ತರಬಹುದು ಎಂದು ಕೋರ್ಟ್ ಬಾಗಿಲು ತೆರೆದೇ ಇಟ್ಟಿದೆ. ಎರಡು, ನಾಯಿ ಕಚ್ಚಿದರೆ ಚಿಕಿತ್ಸೆಯ ಪೂರ್ತಿ ಖರ್ಚು ಮಾಲೀಕರದ್ದು, ಪರಿಹಾರದ ಹಕ್ಕು ಅದಕ್ಕೆ ಪ್ರತ್ಯೇಕ ಎಂದು ಅದೇ ತೀರ್ಪು ಹೇಳಿದೆ. "ಕೋರ್ಟ್ ನಮ್ಮ ಪರ ಇದೆ" ಎನ್ನುವವರು ಆ ಪುಟವನ್ನೂ ಒಮ್ಮೆ ಓದಬೇಕು. ತೀರ್ಪಿನ ಪ್ರತಿ ಹೈಕೋರ್ಟಿನ ಜಾಲತಾಣದಲ್ಲಿ ಸಿಗುತ್ತದೆ. ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ.

ಎಚ್ಚರಿಕೆ: ವಾಟ್ಸಾಪಿನಲ್ಲಿ ಬರುವ ಬ್ಯಾನ್ ಪಟ್ಟಿಗೆ ತಾರೀಕು, ಆದೇಶ ಸಂಖ್ಯೆ ಇಲ್ಲದಿದ್ದರೆ ಅದನ್ನು ಅಲ್ಲೇ ಬಿಡಿ. ಗಾಜಿಯಾಬಾದಿನ ನಗರ ಪಾಲಿಕೆ 2022ರಲ್ಲಿ ಪಿಟ್‌ಬುಲ್, ರಾಟ್‌ವೀಲರ್, ಡೊಗೊ ಅರ್ಜೆಂಟಿನೊ ತಳಿಗಳನ್ನು ತಡೆದ ಸುದ್ದಿ ಇಂದಿಗೂ "ಭಾರತದಲ್ಲಿ ಬ್ಯಾನ್" ಎಂಬ ತಲೆಬರಹದಲ್ಲಿ ಸುತ್ತುತ್ತಿದೆ. ಅದು ಆ ಊರಿನ ನಿಯಮ.

## ಹಂತ 2: ನಿಮ್ಮ ಮನೆ ಯಾರ ವ್ಯಾಪ್ತಿಯಲ್ಲಿದೆ?

ಹೆಚ್ಚಿನವರು ಎಡವುವುದು ಇಲ್ಲೇ. ಮಂಗಳೂರು ಎಂದು ವಿಳಾಸ ಬರೆಯುವ ಎಲ್ಲರ ಮನೆಯೂ ಮಹಾನಗರ ಪಾಲಿಕೆಗೆ ಸೇರುವುದಿಲ್ಲ. ಸುರತ್ಕಲ್ ಪಾಲಿಕೆಯೊಳಗೆ. ಉಳ್ಳಾಲಕ್ಕೆ ಅದರದ್ದೇ ನಗರಸಭೆ, ಸೋಮೇಶ್ವರಕ್ಕೆ ಪುರಸಭೆ, ಕೋಟೆಕಾರಿಗೆ ಪಟ್ಟಣ ಪಂಚಾಯತ್. ಉಡುಪಿ ಕಡೆ ಮಣಿಪಾಲ ಉಡುಪಿ ನಗರಸಭೆಗೆ ಸೇರುತ್ತದೆ. ಕಾಪುವಿಗೆ ಬೇರೆ ಪುರಸಭೆ, ಸಾಲಿಗ್ರಾಮಕ್ಕೆ ಪಟ್ಟಣ ಪಂಚಾಯತ್. ಬೇರೆ ಪಟ್ಟಣಗಳಿಗೂ ಹೀಗೆ ಅವುಗಳದ್ದೇ ಕಚೇರಿ, ಹಳ್ಳಿಗಳಲ್ಲಿ ಗ್ರಾಮ ಪಂಚಾಯತ್.

ಕಾನೂನೂ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಪಾಲಿಕೆಗೆ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ, ನಗರಸಭೆ ಮತ್ತು ಪುರಸಭೆಗಳಿಗೆ 1964ರ ಮುನಿಸಿಪಾಲಿಟಿ ಕಾಯ್ದೆ, ಗ್ರಾಮ ಪಂಚಾಯತಿಗೆ 1993ರ ಪಂಚಾಯತ್ ರಾಜ್ ಕಾಯ್ದೆ. ನಾಯಿ ಲೈಸೆನ್ಸಿನ ಅರ್ಜಿ ನಮೂನೆ, ಶುಲ್ಕ, ಅದನ್ನು ನೋಡುವ ಸಿಬ್ಬಂದಿ ಎಲ್ಲವೂ ಬೇರೆ ಬೇರೆ.

ಗೊತ್ತಾಗುವುದು ಹೇಗೆ? ಮನೆ ತೆರಿಗೆ ರಶೀದಿಯ ತಲೆಬರಹ ನೋಡಿ. ಯಾರು ತೆರಿಗೆ ತೆಗೆದುಕೊಳ್ಳುತ್ತಾರೋ ಅವರ ಹತ್ತಿರವೇ ನಾಯಿಯ ಅರ್ಜಿ. ನಾನು ಇದನ್ನು ನೋಡದೆ ಮಂಗಳೂರು ಪಾಲಿಕೆ ಕಚೇರಿ ಇರುವ ಲಾಲ್‌ಬಾಗಿನ ತನಕ ಹೋಗಿ ಅರ್ಧ ದಿನ ಕಳೆದು ವಾಪಸ್ ಬಂದಿದ್ದೆ.

## ಹಂತ 3: ತಳಿಯ ಹೆಸರು ಸರಿಯಾಗಿ ಬರೆಸಿ

ಪಿಟ್‌ಬುಲ್ ತಂದು ಲಸಿಕೆ ಪುಸ್ತಕದಲ್ಲಿ 'ಲ್ಯಾಬ್ ಕ್ರಾಸ್' (ಲ್ಯಾಬ್ರಡಾರ್ ಮಿಶ್ರತಳಿ) ಎಂದು ಬರೆಸುವವರಿದ್ದಾರೆ. ಬುದ್ಧಿವಂತಿಕೆ ಅಂತ ಅವರ ಎಣಿಕೆ. ಏನೂ ಆಗದಿದ್ದರೆ ಯಾರೂ ಕೇಳುವುದಿಲ್ಲ, ನಿಜ. ಕಚ್ಚಿದ ದಿನ ಪೊಲೀಸರ ಮುಂದೆ ಇರುವುದು ಆ ಪುಸ್ತಕ ಮತ್ತು ಎದುರಿಗೆ ನಿಂತ ನಾಯಿ. ಸುಳ್ಳು ಬರೆಸಿದ್ದು ಅಲ್ಲಿಗೆ ಹೊರಬೀಳುತ್ತದೆ. ವಿಮೆ ಮಾಡಿಸಿದ್ದರೆ ಕ್ಲೇಮ್ ತಿರಸ್ಕರಿಸಲು ಕಂಪನಿಗೂ ಅಷ್ಟೇ ಸಾಕು.

ತಂದೆ ತಾಯಿ ಯಾವುವೆಂದು ಗೊತ್ತಿಲ್ಲದ ನಾಯಿಯಾದರೆ 'ಮಿಶ್ರತಳಿ, ಮೂಲ ಗೊತ್ತಿಲ್ಲ' ಎಂದು ನೇರವಾಗಿ ಬರೆಯಲು ಡಾಕ್ಟರಿಗೆ ಹೇಳಿ. ಅಮೆರಿಕನ್ ಬುಲ್ಲಿ ಮತ್ತು ಪಿಟ್‌ಬುಲ್ ಬೇರೆ ಬೇರೆ. 23ರ ಪಟ್ಟಿಯಲ್ಲಿ ಬುಲ್ಲಿಯ ಹೆಸರು ಇರಲಿಲ್ಲ, ಆದರೆ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಕೆನಲ್ ಕ್ಲಬ್ ಸರ್ಟಿಫಿಕೇಟ್ ಇದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದು ತಳಿಗೆ ಮಾತ್ರ ಸಾಕ್ಷಿ, ಲೈಸೆನ್ಸಿನ ಬದಲಿಗೆ ನಡೆಯುವುದಿಲ್ಲ.

## ಹಂತ 4: ಲಸಿಕೆ, ಆಮೇಲೆ ಚಿಪ್, ಆಮೇಲೆ ಸಂತಾನಹರಣ

ಇದೇ ಕ್ರಮದಲ್ಲಿ ಮಾಡಿಸಿ. ರೇಬಿಸ್ ಲಸಿಕೆ ಮರಿಗೆ ಮೂರು ತಿಂಗಳಾದಾಗ ಶುರು. ಆಮೇಲೆ ಬೂಸ್ಟರ್, ಮತ್ತೆ ಪ್ರತಿ ವರ್ಷ. ಪುಸ್ತಕದಲ್ಲಿ ಲಸಿಕೆಯ ಸ್ಟಿಕ್ಕರ್, ಬ್ಯಾಚ್ ನಂಬರ್, ಡಾಕ್ಟರ ಸಹಿ ಮತ್ತು ನೋಂದಣಿ ಸಂಖ್ಯೆ ನಾಲ್ಕೂ ಇರಬೇಕು. ಬರೀ ತಾರೀಕು ಗೀಚಿದ ಪುಸ್ತಕ ತೋರಿಸಿ ವಾಪಸ್ ಬಂದವರಲ್ಲಿ ನಾನೂ ಒಬ್ಬ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಇಲಿಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಿ. ಅದು ಕಾಗದಕ್ಕೆ ಬೇಕಾಗಿಲ್ಲ, ನಾಯಿಗೆ ಬೇಕು.

ಮೈಕ್ರೋಚಿಪ್ ಎಂದರೆ ಅಕ್ಕಿಕಾಳಿನಷ್ಟು ದೊಡ್ಡದು. ಭುಜದ ನಡುವೆ ಚರ್ಮದಡಿಗೆ ಸೂಜಿಯಲ್ಲಿ ಹಾಕುತ್ತಾರೆ. 15 ಅಂಕಿಯ ಸಂಖ್ಯೆಯ ಸ್ಟಿಕ್ಕರ್ ಕೊಡುತ್ತಾರೆ, ಒಂದನ್ನು ಪುಸ್ತಕಕ್ಕೆ ಅಂಟಿಸಿ, ಇನ್ನೊಂದನ್ನು ಫೈಲಿನಲ್ಲಿಡಿ. ಹಾಕಿದ ಕೂಡಲೇ ಸ್ಕ್ಯಾನರಿನಲ್ಲಿ ಓದಿಸಿ, ಸ್ಟಿಕ್ಕರಿನ ಸಂಖ್ಯೆ ತಾಳೆ ನೋಡಿ. ನಾಯಿ ಕಳೆದುಹೋದರೆ, ಅಥವಾ "ಕಚ್ಚಿದ್ದು ನಿಮ್ಮದೇ ನಾಯಿ" ಎಂಬ ತಕರಾರು ಬಂದರೆ ಕೊನೆಗೆ ಮಾತಾಡುವುದು ಆ ಸಂಖ್ಯೆ.

ಸಂತಾನಹರಣಕ್ಕೆ ಯಾವ ವಯಸ್ಸು ಎಂಬುದನ್ನು ಡಾಕ್ಟರೇ ಹೇಳಬೇಕು. ದೊಡ್ಡ ತಳಿಗಳಲ್ಲಿ ಮೂಳೆ ಬಲಿಯುವ ತನಕ ಕಾಯಿರಿ ಎನ್ನುವವರಿದ್ದಾರೆ. ಆದ ಮೇಲೆ ಸರ್ಟಿಫಿಕೇಟ್ ಕೇಳಿ ಪಡೆಯಿರಿ, ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಮರಿ ಹಾಕಿಸಿ ಮಾರುವ ಆಲೋಚನೆ ಇದ್ದರೆ 2017ರ ನಾಯಿ ಬ್ರೀಡಿಂಗ್ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. "ಒಂದೇ ಸಲ ಹಾಕಿಸುವುದು, ಫ್ರೆಂಡ್ಸಿಗೆ ಮಾತ್ರ" ಎನ್ನುವವರ ಮನೆಯಲ್ಲಿ ಎಂಟು ಮರಿ ಹುಟ್ಟಿ ಫ್ರೆಂಡ್ಸ್ ಮೂರೇ ಜನ ಇದ್ದದ್ದು ನೋಡಿದ್ದೇನೆ.

## ಹಂತ 5: ಅರ್ಜಿ ಕೊಡುವುದು, 'ಆಗುವುದಿಲ್ಲ' ಎಂದರೆ ಏನು ಮಾಡುವುದು

ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದಕ್ಕೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿ ಸಾಕುನಾಯಿಯ ಲಸಿಕೆ, ಸಂತಾನ ನಿಯಂತ್ರಣದ ಜೊತೆ ಸ್ಥಳೀಯ ಕಾನೂನಿನ ಪ್ರಕಾರ ಲೈಸೆನ್ಸ್ ಮಾಡಿಸುವುದನ್ನೂ ಮಾಲೀಕರ ಜವಾಬ್ದಾರಿ ಎಂದು ಬರೆದಿದೆ. ನಿಮ್ಮ ಕಡೆಯ ಕೆಲಸ ಮಾಡಿದ್ದಕ್ಕೆ ಆ ಸೀಲೇ ಸಾಕ್ಷಿ.

ಒಂದು ಕಚೇರಿಯಲ್ಲಿ ನನಗೆ, "ರಾಟ್‌ವೀಲರ್ ಆದರೆ ಆಗುವುದಿಲ್ಲ, ಬ್ಯಾನ್ ಉಂಟಲ್ಲ ಮಾರಾಯ್ರೆ" ಎಂದರು. ಯಾವ ಆದೇಶ ಎಂದು ಕೇಳಿದೆ. "ಪೇಪರಲ್ಲಿ ಬಂದಿದೆ" ಎಂದರು. ಜಗಳ ಮಾಡಿ ಪ್ರಯೋಜನ ಇಲ್ಲ. ತೀರ್ಪಿನ ಪ್ರತಿ ತೋರಿಸಿ. ಅದಕ್ಕೂ ಒಪ್ಪದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು. ಹೀಗೆ ಬರೆದರೆ ಸಾಕು:

"ನನ್ನ ಸಾಕುನಾಯಿಯ (ತಳಿ: ರಾಟ್‌ವೀಲರ್) ಲೈಸೆನ್ಸ್ ಅರ್ಜಿಯನ್ನು ತಳಿಯ ಕಾರಣಕ್ಕೆ ನಿರಾಕರಿಸಲು ತಮ್ಮ ಕಚೇರಿ ಆಧಾರವಾಗಿ ಇಟ್ಟುಕೊಂಡಿರುವ ಆದೇಶ, ಸುತ್ತೋಲೆ ಅಥವಾ ಉಪನಿಯಮದ ಸಂಖ್ಯೆ, ದಿನಾಂಕ ತಿಳಿಸಿ, ದೃಢೀಕೃತ ಪ್ರತಿ ಕೊಡಬೇಕಾಗಿ ಕೋರಿಕೆ."

30 ದಿನದಲ್ಲಿ ಉತ್ತರ ಕೊಡಬೇಕು. ನಿಜವಾಗಿಯೂ ಹೊಸ ಆದೇಶ ಬಂದಿದ್ದರೆ ಅದರ ಪ್ರತಿ ನಿಮ್ಮ ಕೈಗೆ ಸಿಗುತ್ತದೆ, ಅದರಂತೆ ನಡೆದುಕೊಳ್ಳಬಹುದು. ಅಂಥದ್ದು ಇಲ್ಲದಿದ್ದರೆ ಅದನ್ನು ಬರಹದಲ್ಲೇ ಒಪ್ಪಿಕೊಳ್ಳಬೇಕಾಗುತ್ತದೆ.

## ಹಂತ 6: ಪಾಗಾರ, ಗೇಟ್, ಮಝಲ್

ಕಾಗದ ಎಷ್ಟೇ ಸರಿ ಇದ್ದರೂ ಕೇಸು ಹುಟ್ಟುವುದು ಗೇಟಿನ ಹತ್ತಿರ. ಎರಡು ವರ್ಷದ ಹಿಂದೆ ಜುಲೈಯಲ್ಲಿ ನಮ್ಮ ಹಿತ್ತಿಲ ಮುರಕಲ್ಲಿನ ಪಾಗಾರ ಒಂದು ಮೂಲೆಯಲ್ಲಿ ಕುಸಿಯಿತು. ರಾತ್ರಿಯಿಡೀ ಹೊಡೆದ ಮಳೆ, ಯಾರೂ ಆ ಕಡೆ ನೋಡಿರಲಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ನಾಯಿ ಆ ಸಂದಿನಿಂದ ರಸ್ತೆಗೆ ಹೋಗಿದೆ. ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಅಕ್ಕ ಅದನ್ನು ನೋಡಿ ನಿಂತಲ್ಲೇ ಕುಸಿದು ಕೂತರು. ನಾನು ಓಡಿ ಹೋದಾಗ ಬಂಗುಡೆ ಎಲ್ಲ ಕೆಂಪು ನೀರಿನಲ್ಲಿ ಹರಡಿತ್ತು. ನಾಯಿ ಒಂದನ್ನು ಬಾಯಲ್ಲಿ ಕಚ್ಚಿಕೊಂಡು ಬಾಲ ಅಲ್ಲಾಡಿಸುತ್ತಿತ್ತು. ಅವರಿಗೆ ಹಲ್ಲು ತಾಗಲಿಲ್ಲ, ಆದರೆ ಮೊಣಕೈ ತರಚಿತ್ತು, ಕೈ ನಡುಗುತ್ತಿತ್ತು. ಮೀನಿನ ದುಡ್ಡು ಕೊಟ್ಟೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈಗಲೂ ಅವರು ನಮ್ಮ ಗೇಟಿನ ಎದುರು ರಸ್ತೆಯ ಆಚೆ ಬದಿಯಲ್ಲೇ ನಡೆಯುತ್ತಾರೆ.

ಆದ್ದರಿಂದ ಮೇ ತಿಂಗಳಲ್ಲಿ ಪಾಗಾರಕ್ಕೆ ಒಂದು ಸುತ್ತು ಬನ್ನಿ. ಸಿಮೆಂಟ್ ಹಾಕದೆ ಪೇರಿಸಿದ ಕಲ್ಲು, ಬುಡದಲ್ಲಿ ಮಣ್ಣು ಸವೆದ ಜಾಗ, ಚರಂಡಿ ತೂತು, ತೋಟದ ಕಡೆಯ ಮುಳ್ಳುತಂತಿ ಎಲ್ಲ ನೋಡಿ. ಗೇಟಿನ ಅಡಿಯ ಸಂದು ಒಂದು ಗೇಣಿಗಿಂತ ಜಾಸ್ತಿ ಇದ್ದರೆ ಪಟ್ಟಿ ಹೊಡೆಸಿ.

ನಾಯಿಯ ಜಾಗ ಗೇಟಿನಿಂದ ಬೇರೆ ಇರಬೇಕು. ಪೇಪರ್ ಹುಡುಗ, ಗ್ಯಾಸ್ ತರುವವರು, ತೆಂಗಿನಕಾಯಿ ಕೀಳುವವರು, ಹುಲ್ಲು ಕತ್ತರಿಸುವ ಮೆಷಿನ್ ತರುವವರು ಯಾರೇ ಬರಲಿ, ನಾಯಿ ಮೊದಲು ಗೂಡಿಗೆ, ಆಮೇಲೆ ಗೇಟು ತೆರೆಯಬೇಕು. ಮನೆಯಲ್ಲಿ ಎಲ್ಲರಿಗೂ ಇದು ಬಾಯಿಪಾಠ ಆಗಲಿ. ದಿನವಿಡೀ ಗಿಡ್ಡ ಚೈನಿನಲ್ಲಿ ಕಟ್ಟಿಹಾಕುವುದು ಇದಕ್ಕೆ ಪರಿಹಾರವಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ, ಮತ್ತು ಕಟ್ಟಿದ ನಾಯಿಗೆ ಸಿಟ್ಟು ಇನ್ನೂ ಜಾಸ್ತಿ.

'ನಾಯಿ ಇದೆ ಎಚ್ಚರಿಕೆ' ಬೋರ್ಡ್ ಹಾಕಿದರೆ ತಪ್ಪಿಸಿಕೊಂಡೆವು ಎಂದು ತಿಳಿಯಬೇಡಿ. ಬೋರ್ಡ್ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಕೇಳುವುದು, ಪ್ರಾಣಿಯಿಂದ ಅಪಾಯ ಆಗದ ಹಾಗೆ ನೀವು ಸಾಕಷ್ಟು ಜಾಗ್ರತೆ ಮಾಡಿದ್ದೀರಾ ಎಂದು. ನಿರ್ಲಕ್ಷ್ಯ ಎಂದಾದರೆ ಆರು ತಿಂಗಳ ತನಕ ಜೈಲು, ಅಥವಾ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಗೇಟು ತೆರೆದಿಟ್ಟು ಬೋರ್ಡ್ ಮಾತ್ರ ತೂಗಿಸಿದ್ದರೆ, ಅಪಾಯ ಗೊತ್ತಿದ್ದೂ ಸುಮ್ಮನಿದ್ದಿರಿ ಎಂದು ಆ ಬೋರ್ಡೇ ಹೇಳಿಬಿಡುತ್ತದೆ.

ಮಝಲ್ ಬಗ್ಗೆ ಒಂದು ಮಾತು. ಬಾಯಿ ಬಿಗಿದು ಹಿಡಿಯುವ ನೈಲಾನ್ ಪಟ್ಟಿ ತರಬೇಡಿ. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದು ಬಾಯಿ ತೆರೆದು ಏದುಸಿರು ಬಿಟ್ಟು. ನಮ್ಮ ಏಪ್ರಿಲ್ ಸೆಕೆಯಲ್ಲಿ ಬಾಯಿ ಕಟ್ಟಿ ನಡೆಸಿದರೆ ಕುಸಿದು ಬೀಳಬಹುದು. ಬುಟ್ಟಿಯ ಹಾಗೆ ಇರುವುದನ್ನು ತನ್ನಿ, ಅದರೊಳಗೆ ನಾಯಿ ಬಾಯಿ ತೆರೆಯಬಹುದು, ನೀರು ಕುಡಿಯಬಹುದು. ಮೊದಲ ವಾರ ಬಕಲ್ ಹಾಕಲೇಬೇಡಿ. ಮುಳ್ಳು ತೆಗೆದ ಬೇಯಿಸಿದ ಮೀನಿನ ತುಂಡನ್ನು ಬುಟ್ಟಿಯ ತಳದಲ್ಲಿಟ್ಟು ಅದಾಗಿಯೇ ಮೂತಿ ಹಾಕಲು ಬಿಡಿ. ಎರಡನೇ ವಾರ ಅರ್ಧ ನಿಮಿಷ, ಆಮೇಲೆ ನಿಧಾನಕ್ಕೆ ಜಾಸ್ತಿ. ಮೊದಲ ದಿನವೇ ಹಿಡಿದು ತುರುಕಿದರೆ ಮುಂದೆ ಅದನ್ನು ಕಂಡ ಕೂಡಲೇ ಮಂಚದಡಿ ಸೇರುತ್ತದೆ.

ಎಚ್ಚರಿಕೆಯ ಲಕ್ಷಣ: ಗುರ್ ಎನ್ನುವ ನಾಯಿಗಿಂತ ಮೈ ಸೆಟೆದು, ಬಾಯಿ ಮುಚ್ಚಿ, ಕಣ್ಣು ಮಿಟುಕಿಸದೆ ನಿಂತ ನಾಯಿಗೆ ಜಾಸ್ತಿ ಹೆದರಿ. ಊಟದ ತಟ್ಟೆ ಹತ್ತಿರ ಬಂದವರನ್ನು ನೋಡಿ ಹೀಗೆ ನಿಲ್ಲುತ್ತಿದ್ದರೆ ಮಕ್ಕಳನ್ನು ದೂರ ಇಟ್ಟು ತರಬೇತಿ ಕೊಡುವವರನ್ನು ಆ ವಾರವೇ ಕರೆಸಿ. ಗುರ್ ಎಂದದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಮುಂದಿನ ಸಲ ಅದು ಗುರ್ ಎನ್ನದೆ ನೇರ ಕಚ್ಚುತ್ತದೆ.

## ಹಂತ 7: ಫ್ಲ್ಯಾಟಿನಲ್ಲಿದ್ದರೆ

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಅಸೋಸಿಯೇಷನ್ ಬಹುಮತದಿಂದ ನಿರ್ಣಯ ಮಾಡಿದರೂ ಸಾಕುನಾಯಿಯನ್ನು ಬೇಡ ಎನ್ನುವ ಹಾಗಿಲ್ಲ. ಲಿಫ್ಟ್ ಬಳಸಬೇಡಿ ಎನ್ನುವ ಹಾಗೂ ಇಲ್ಲ. ಇದನ್ನು ಬಾಣದ ಹಾಗೆ ಮೊದಲ ಮೀಟಿಂಗಿನಲ್ಲೇ ಬಿಡಬೇಡಿ. ಲೈಸೆನ್ಸ್, ಲಸಿಕೆಯ ಪ್ರತಿಯನ್ನು ಕೇಳುವ ಮೊದಲೇ ಕಾರ್ಯದರ್ಶಿಗೆ ಕೊಡಿ. ಲಿಫ್ಟಿನಲ್ಲಿ ಬೇರೆಯವರಿದ್ದರೆ ಮುಂದಿನದಕ್ಕೆ ಕಾಯಿರಿ. ಬಾಡಿಗೆಯವರಾದರೆ ಮಾಲೀಕರ ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿ.

## ಹಂತ 8: ಕಚ್ಚಿಬಿಟ್ಟರೆ

ಮೊದಲು ನಾಯಿಯನ್ನು ಕೂಡಿಹಾಕಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, 15 ನಿಮಿಷ ಎಂದರೆ ನೀವು ಎಣಿಸಿದ್ದಕ್ಕಿಂತ ತುಂಬಾ ಉದ್ದ. ಸುಣ್ಣ, ಅರಸಿನ, ಕಾಫಿ ಪುಡಿ ಯಾವುದೂ ಬೇಡ. ನಿಮ್ಮ ನಾಯಿಗೆ ಲಸಿಕೆ ಆಗಿದೆ ಎಂದು ಆಸ್ಪತ್ರೆ ತಪ್ಪಿಸಬೇಡಿ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ, ಲಸಿಕೆ ಪುಸ್ತಕವೂ ಜೊತೆಗಿರಲಿ.

ರೇಬಿಸ್ ಲಕ್ಷಣ ಕಾಣುತ್ತದೆಯೇ ಎಂದು ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ಆ ಹತ್ತು ದಿನ ಅದನ್ನು ಬೇರೆ ಊರಿಗೆ ಸಾಗಿಸುವುದು, ಯಾರಿಗೋ ಕೊಟ್ಟುಬಿಡುವುದು ದೊಡ್ಡ ತಪ್ಪು. ಕಚ್ಚಿಸಿಕೊಂಡವರ ಚಿಕಿತ್ಸೆಗೆ ಅಷ್ಟೇ ತೊಂದರೆ, ನಿಮ್ಮ ಮೇಲೆ ಅನುಮಾನ ಇನ್ನೂ ಜಾಸ್ತಿ. ಖರ್ಚು ನೀವೇ ಕೊಡಿ, ಬಿಲ್ಲಿನ ಪ್ರತಿ ಇಟ್ಟುಕೊಳ್ಳಿ. ಕೆಲವು ಸಾಕುನಾಯಿ ವಿಮೆಗಳಲ್ಲಿ ಬೇರೆಯವರಿಗೆ ಆದ ಹಾನಿಗೂ ರಕ್ಷಣೆ ಇರುತ್ತದೆ. ಪಾಲಿಸಿ ಕೊಳ್ಳುವಾಗ ನಿಮ್ಮ ತಳಿ ಅದರಲ್ಲಿ ಸೇರಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಸಾಕಲು ಆಗುವುದೇ ಇಲ್ಲ ಎಂದಾದರೆ ರಸ್ತೆಗೆ ಬಿಡಬೇಡಿ, ಅದೂ 1960ರ ಕಾಯ್ದೆಯಲ್ಲಿ ಅಪರಾಧ. ತೆಗೆದುಕೊಳ್ಳುವವರ ಮನೆ, ಪಾಗಾರ ನೋಡಿ. ನಾಯಿ ಮೊದಲು ಕಚ್ಚಿದ್ದರೆ ಮುಚ್ಚಿಡದೆ ಹೇಳಿ. ಚಿಪ್ ಸಂಖ್ಯೆ ಹಾಕಿ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ.

## ಗಡಿ ದಾಟುವ ಮೊದಲು

ಇಲ್ಲಿಯ ಲೈಸೆನ್ಸ್ ಬೇರೆ ಊರಿನಲ್ಲಿ ನಡೆಯುವುದಿಲ್ಲ. ರದ್ದತಿ ಆದೇಶವೂ ನಮ್ಮ ಹೈಕೋರ್ಟಿನದ್ದು. ಗೋವಾಕ್ಕೋ ಚಂಡೀಗಢಕ್ಕೋ ವರ್ಗವಾದರೆ ಅಲ್ಲಿಯ ತಳಿ ನಿಯಮವನ್ನು ಮೊದಲು ನೋಡಿ.

ಗಲ್ಫಿನಿಂದ ನಾಯಿ ತರುವವರು ಬಜ್ಪೆಯಲ್ಲಿ ಇಳಿಸುವ ಆಸೆ ಬಿಡಿ. ವಿದೇಶದಿಂದ ಬರುವ ಸಾಕುಪ್ರಾಣಿಗೆ ಕ್ವಾರಂಟೈನ್ ಕೇಂದ್ರ ಇರುವ ಊರಿನಲ್ಲೇ ಇಳಿಯಬೇಕು. ನಮಗೆ ಹತ್ತಿರದ್ದು ಬೆಂಗಳೂರು. ಅಲ್ಲಿಂದ ಮೊದಲೇ ಅನುಮತಿ ಪಡೆದು, ಇಳಿದ ಮೇಲೆ ಶಿರಾಡಿಯೋ ಚಾರ್ಮಾಡಿಯೋ ರಸ್ತೆಯಲ್ಲಿ ಬರಬೇಕು. ಇಲ್ಲಿಂದ ದುಬೈಗೆ ಒಯ್ಯುವವರಿಗೆ ಕಷ್ಟ ಇನ್ನೂ ಜಾಸ್ತಿ. ಯುಎಇ ಪಿಟ್‌ಬುಲ್, ರಾಟ್‌ವೀಲರ್ ಮಾತ್ರವಲ್ಲದೆ ಡಾಬರ್‌ಮನ್, ಬಾಕ್ಸರ್ ತಳಿಗಳ ಆಮದನ್ನೂ ತಡೆಯುತ್ತದೆ. ಇಲ್ಲಿ ಯಾರೂ ಮಾತೆತ್ತದ ನಾಯಿ ಅಲ್ಲಿ ಒಳಗೆ ಹೋಗುವುದಿಲ್ಲ. ವೀಸಾ ಬಂದ ಮೇಲೆ ಇದನ್ನು ನೋಡಿದವರು ಕೊನೆಯ ವಾರದಲ್ಲಿ ಊರೆಲ್ಲ ಫೋನ್ ಮಾಡುತ್ತಾ ನಾಯಿಗೆ ಮನೆ ಹುಡುಕುತ್ತಾರೆ. ಹೋಗುವ ಯೋಚನೆ ಇದ್ದರೆ ಮರಿ ತರುವ ಮೊದಲೇ ಆ ಪಟ್ಟಿ ನೋಡಿ.